ಯಾವ ಲಕ್ಷ್ಮೀ ಬಾರಮ್ಮ? ವಿಕಿಪೀಡಿಯದಲ್ಲಿ ಧಾರಾವಾಹಿ, ಸೀಸನ್, ಕಂತುಗಳಿಗೆ ಹೆಸರಿಡುವುದು ಹೇಗೆ

ನಮ್ಮ ಅಮ್ಮನಿಗೆ ಈ ಸಮಸ್ಯೆಯೇ ಇಲ್ಲ. ಚಿಕ್ಕಮ್ಮ ಫೋನಿನಲ್ಲಿ "ಲಕ್ಷ್ಮೀ ಬಾರಮ್ಮದಲ್ಲಿ ಹೀಗೇ ಆಗಿತ್ತಲ್ಲಕ್ಕಾ" ಅಂದರೆ ಸಾಕು, "ಯಾವ್ದೇ, ಗೊಂಬೆ ಇದ್ದಳಲ್ಲ ಅದಾ, ಆಮೇಲಿಂದಾ?" ಅಂತ ಒಂದೇ ಮಾತಿನಲ್ಲಿ ಬಗೆಹರಿಸುತ್ತಾರೆ. ಚಿಕ್ಕಮ್ಮನಿಗೂ ಅರ್ಥವಾಗುತ್ತದೆ. ಮಾತು ಮುಂದೆ ಹೋಗುತ್ತದೆ.

ವಿಕಿಪೀಡಿಯದಲ್ಲಿ ಪುಟ ಬರೆಯಲು ಕೂತವರಿಗೆ ಈ ಸವಲತ್ತು ಇಲ್ಲ. ಅಲ್ಲಿ ಒಂದು ಹೆಸರಿನಲ್ಲಿ ಒಂದೇ ಪುಟ ಇರಬಹುದು. 'ಲಕ್ಷ್ಮೀ ಬಾರಮ್ಮ' ಹೆಸರಿನ ಒಂದು ಧಾರಾವಾಹಿ ಶುರುವಾದದ್ದು 2013ರಲ್ಲಿ, ಇನ್ನೊಂದು 2023ರಲ್ಲಿ. ಮೊದಲನೆಯದು ಚಿನ್ನು ಮತ್ತು ಗೊಂಬೆಯ ಕಥೆ. ಎರಡನೆಯದು 'ಭಾಗ್ಯಲಕ್ಷ್ಮೀ' ಧಾರಾವಾಹಿಯ ಭಾಗ್ಯಳ ತಂಗಿಯ ಕಥೆ. ಎರಡಕ್ಕೂ ಸಂಬಂಧವಿಲ್ಲ. ಆದರೆ ಭಾಷೆ ಒಂದೇ, ಚಾನೆಲ್ ಕೂಡ ಒಂದೇ. ಈಗ ಯಾವ ಪುಟಕ್ಕೆ ಏನು ಹೆಸರು?

ಇಂಗ್ಲಿಷ್ ವಿಕಿಪೀಡಿಯದಲ್ಲಿ ಟಿವಿ ಕಾರ್ಯಕ್ರಮಗಳ ಹೆಸರಿಗಾಗಿಯೇ ಒಂದು ನಿಯಮದ ಪುಟ ಇದೆ. ವರ್ಷಗಟ್ಟಲೆ ಜಗಳ ಆಡಿ, ರಾಜಿ ಆಗಿ, ಮತ್ತೆ ಜಗಳ ಆಡಿ ಕಟ್ಟಿಕೊಂಡ ನಿಯಮ ಅದು. ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ತಂದರೆ ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ. ಅದು ಹುಟ್ಟಿದ್ದು ವಾರಕ್ಕೊಂದು ಕಂತು, ವರ್ಷಕ್ಕೊಂದು ಸೀಸನ್, ಪ್ರತಿ ಕಂತಿಗೂ ಒಂದು ಹೆಸರು ಇರುವ ಕಾರ್ಯಕ್ರಮಗಳಿಗಾಗಿ. ನಮ್ಮಲ್ಲಿ ಜಾಸ್ತಿ ಇರುವುದು ವಾರಪೂರ್ತಿ ಬರುವ, ಸೀಸನ್ ಎಂಬುದೇ ಇಲ್ಲದ, ಕಂತಿಗೆ ಹೆಸರೂ ಇಲ್ಲದ ಧಾರಾವಾಹಿಗಳು. ಆ ನಿಯಮದಲ್ಲಿ ನಮಗೆ ಬೇಕಾದ್ದೇನು, ಬೇಡದ್ದೇನು ಅಂತ ಒಂದೊಂದಾಗಿ ನೋಡೋಣ.

ಬ್ರಾಕೆಟ್ ಬೇಕಾ, ಬೇಡವಾ

ಹೊಸಬರು ಮೊದಲು ಮಾಡುವುದು ಏನೆಂದರೆ, ಹೆಸರಿನ ಮುಂದೆ '(ಧಾರಾವಾಹಿ)' ಅಂಟಿಸುವುದು. 'ಮಗಳು ಜಾನಕಿ (ಧಾರಾವಾಹಿ)', 'ಮಾಯಾಮೃಗ (ಧಾರಾವಾಹಿ)'. ನೋಡಲು ಅಚ್ಚುಕಟ್ಟು. ಎಲ್ಲ ಧಾರಾವಾಹಿಗಳೂ ಒಂದೇ ಥರ ಕಾಣುತ್ತವೆ. ಕೆಟ್ಟದ್ದೇನಿದೆ ಅಲ್ವಾ ಅನ್ನಿಸುತ್ತದೆ.

ಇದೇ ವಾದ 2006ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ದೊಡ್ಡದಾಗಿ ನಡೆಯಿತು. 'ಲಾಸ್ಟ್' ಎಂಬ ಅಮೆರಿಕದ ಕಾರ್ಯಕ್ರಮದ ಎಲ್ಲ ಕಂತುಗಳ ಹೆಸರಿಗೂ ಬ್ರಾಕೆಟ್ಟಿನಲ್ಲಿ 'ಲಾಸ್ಟ್' ಸೇರಿಸಬೇಕು, ಆಗ ಎಲ್ಲವೂ ಒಂದೇ ಸಮ ಇರುತ್ತವೆ ಅಂತ ಒಂದು ಗುಂಪು. ಅದೇ ಹೆಸರಿನ ಬೇರೆ ಪುಟ ಇದ್ದರೆ ಮಾತ್ರ ಸೇರಿಸಿ, ಇಲ್ಲದಿದ್ದರೆ ಸುಮ್ನೆ ಯಾಕೆ ಅಂತ ಇನ್ನೊಂದು ಗುಂಪು. ಅದು ಸಂಪಾದಕರ ಜಗಳ ಬಗೆಹರಿಸುವ ವಿಕಿಪೀಡಿಯದ ಪಂಚಾಯಿತಿಯ ಮಟ್ಟಕ್ಕೂ ಹೋಯಿತು. ಉಳಿದುಕೊಂಡದ್ದು ಎರಡನೆಯವರ ಮಾತು.

ನನ್ನ ಮತವೂ ಅದೇ. ಬ್ರಾಕೆಟ್ ಇರುವುದು ಡಿಕ್ಕಿ, ಅಂದರೆ ಒಂದೇ ಹೆಸರಿಗೆ ಎರಡು ಪುಟ ಬಂದು ಬೀಳುವುದನ್ನು, ತಪ್ಪಿಸಲು. ಡಿಕ್ಕಿಯೇ ಇಲ್ಲದ ಕಡೆ ಅದು ಕಾಟ ಕೊಡುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಟಿ. ಎನ್. ಸೀತಾರಾಂ ಅವರ ಬಗ್ಗೆ ಬರೆಯುತ್ತಿರುವ ಯಾರೋ ಒಬ್ಬರು ಸಹಜವಾಗಿ 'ಮಗಳು ಜಾನಕಿ' ಅಂತ ಲಿಂಕ್ ಹಾಕುತ್ತಾರೆ. ಪುಟ ಬ್ರಾಕೆಟ್ ಸಮೇತ ಇದ್ದರೆ ಆ ಲಿಂಕ್ ಕೆಂಪಾಗುತ್ತದೆ. ಪುಟವೇ ಇಲ್ಲ ಅಂದುಕೊಂಡು ಇನ್ನೊಬ್ಬರು ಅದೇ ವಿಷಯಕ್ಕೆ ಹೊಸ ಪುಟ ಶುರು ಮಾಡುತ್ತಾರೆ. ಎರಡು ಪುಟ, ಎರಡರಲ್ಲೂ ಅರ್ಧರ್ಧ ಮಾಹಿತಿ.

ಬೇರೆ ಏನೂ ಆ ಹೆಸರಿನಲ್ಲಿ ಇಲ್ಲ ಅಂತ ಖಾತ್ರಿ ಆದರೆ ಬರೀ ಹೆಸರು ಇಡಿ. ಹುಡುಕುವಾಗ ಕಾದಂಬರಿ, ಸಿನಿಮಾ, ಊರು, ರಾಗ ಎಲ್ಲವನ್ನೂ ಒಮ್ಮೆ ನೆನಪಿಸಿಕೊಳ್ಳಿ. 'ಅಮೃತವರ್ಷಿಣಿ' ಅಂತ ಧಾರಾವಾಹಿ ಇದೆ, 1997ರ ಸಿನಿಮಾ ಇದೆ, ಅದಕ್ಕೂ ಎಷ್ಟೋ ಮೊದಲಿನಿಂದ ಮಳೆ ತರಿಸುತ್ತದೆ ಅನ್ನುವ ರಾಗ ಇದೆ. ಬರೀ ಹೆಸರು ರಾಗಕ್ಕೇ ಸಲ್ಲಬೇಕು.

ಬರೀ ಹೆಸರು ಯಾರಿಗೆ

ಡಿಕ್ಕಿ ಇದೆ ಅಂತ ಗೊತ್ತಾದ ಮೇಲೆ ನೋಡಬೇಕಾದ್ದು ಇದು. ಬರೀ ಹೆಸರು ಒಬ್ಬರಿಗೇ ಸಿಗುತ್ತದೆ. ಉಳಿದವರು ಬ್ರಾಕೆಟ್ ಹೊತ್ತುಕೊಳ್ಳಬೇಕು.

'ಗೃಹಭಂಗ' ಸುಲಭ. ಎಸ್. ಎಲ್. ಭೈರಪ್ಪ ಅವರ ಕಾದಂಬರಿ ಮೊದಲು ಬಂತು. ಗಿರೀಶ್ ಕಾಸರವಳ್ಳಿ ಮಾಡಿದ ಧಾರಾವಾಹಿ ಅದನ್ನೇ ಆಧರಿಸಿದ್ದು. ಆ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಪುಸ್ತಕ. ಹಾಗಾಗಿ ಪುಸ್ತಕ 'ಗೃಹಭಂಗ', ಧಾರಾವಾಹಿ 'ಗೃಹಭಂಗ (ಧಾರಾವಾಹಿ)'. ಎರಡೂ ಪುಟಗಳ ತಲೆಯ ಮೇಲೆ ಒಂದು ಸಾಲು, ಇನ್ನೊಂದು ಬೇಕಿದ್ದರೆ ಇಲ್ಲಿ ನೋಡಿ ಅಂತ. ಮುಗಿಯಿತು.

'ಜೊತೆ ಜೊತೆಯಲಿ' ಕಷ್ಟ. 2006ರ ಸಿನಿಮಾ, ಪ್ರೇಮ್ ಮತ್ತು ರಮ್ಯಾ ಇದ್ದದ್ದು. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ ಧಾರಾವಾಹಿ, ಅನಿರುದ್ಧ ಇದ್ದದ್ದು. ಸಿನಿಮಾ ಮೊದಲು ಬಂತು ಅಂತ ಅದಕ್ಕೇ ಬರೀ ಹೆಸರು ಕೊಡಬೇಕಾ? ಮೊದಲು ಬಂದವರಿಗೆ ಮೊದಲ ಸೀಟು ಅನ್ನುವ ಲೆಕ್ಕ ಬಸ್ಸಿನಲ್ಲಿ ಸರಿ. ಇಲ್ಲಿ ನೋಡಬೇಕಾದ್ದು ಓದುಗ ಯಾವುದನ್ನು ಹುಡುಕಿಕೊಂಡು ಬರುತ್ತಾನೆ ಅನ್ನುವುದು. ಇಂಥ ಕಡೆ ಒಬ್ಬೊಬ್ಬರ ಉತ್ತರ ಒಂದೊಂದು. ಸಿನಿಮಾ ನೋಡಿ ಬೆಳೆದವರು ಒಂದು ಹೇಳುತ್ತಾರೆ, ಸಂಜೆ ಹೊತ್ತು ಟಿವಿ ಮುಂದೆ ಕೂತವರು ಇನ್ನೊಂದು. ಹೀಗೆ ತೂಕ ಸಮ ಸಮ ಇದ್ದರೆ ಬರೀ ಹೆಸರನ್ನು ಇಬ್ಬರಿಗೂ ಕೊಡಬೇಡಿ. ಅದನ್ನು ದ್ವಂದ್ವ ನಿವಾರಣೆ ಪುಟ (ಒಂದೇ ಹೆಸರಿನ ಎಲ್ಲ ಪುಟಗಳಿಗೂ ದಾರಿ ತೋರಿಸುವ ಪಟ್ಟಿ) ಮಾಡಿ, ಸಿನಿಮಾಗೆ '(ಚಲನಚಿತ್ರ)', ಧಾರಾವಾಹಿಗೆ '(ಧಾರಾವಾಹಿ)' ಅಂತ ಹಾಕಿ. 'ಗಟ್ಟಿಮೇಳ'ಕ್ಕೂ ಇದೇ ದಾರಿ. ಅಲ್ಲಿ ಸಿನಿಮಾ 2001ರದ್ದು, ಧಾರಾವಾಹಿ 2019ರದ್ದು, ಜೊತೆಗೆ ಮದುವೆಮನೆಯ ಗಟ್ಟಿಮೇಳವೂ ಇದೆ.

ಭಾಷೆ, ಚಾನೆಲ್, ವರ್ಷ: ಬ್ರಾಕೆಟ್ಟಿನೊಳಗೆ ಯಾವುದು

'(ಧಾರಾವಾಹಿ)' ಅಂತ ಬರೆದರೆ ಸಾಕಾಗದ ಸಂದರ್ಭ ಇರುತ್ತದೆ. ಎರಡೂ ಧಾರಾವಾಹಿಯೇ ಆಗಿದ್ದಾಗ.

ಇಂಗ್ಲಿಷ್ ವಿಕಿಪೀಡಿಯ ಹೆಚ್ಚಾಗಿ ಬಳಸುವುದು ಎರಡು. ಒಂದು ದೇಶ: 'ದಿ ಆಫೀಸ್' ಬ್ರಿಟನ್ನಿನದು 2001ರಲ್ಲಿ ಬಂತು, ಅಮೆರಿಕದ್ದು 2005ರಲ್ಲಿ. ಪುಟಗಳಿಗೆ ಬ್ರಿಟಿಷ್, ಅಮೆರಿಕನ್ ಅಂತ ಗುರುತು. ಇನ್ನೊಂದು ವರ್ಷ: 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' 1978ರಲ್ಲೂ ಬಂತು, 2004ರಲ್ಲೂ ಬಂತು. ಎರಡೂ ಅಮೆರಿಕದ್ದೇ, ಹಾಗಾಗಿ ದೇಶ ಹಾಕಿ ಪ್ರಯೋಜನವಿಲ್ಲ.

ನಮಗೆ ದೇಶ ಬೇಡ. ನಮ್ಮ ಡಿಕ್ಕಿಗಳು ಆಗುವುದು ಭಾಷೆ ಭಾಷೆಗಳ ನಡುವೆ. ಸಂಸ್ಕೃತದಿಂದ ಬಂದ ಒಂದೇ ಹೆಸರು ಕನ್ನಡ, ಹಿಂದಿ, ಮಲಯಾಳಂ ಎಲ್ಲ ಕಡೆ ಇರುತ್ತದೆ. 'ಅಗ್ನಿಸಾಕ್ಷಿ' ನೋಡಿ. ಕನ್ನಡದಲ್ಲಿ 2013ರಿಂದ 2020ರವರೆಗೆ ಓಡಿದ ಧಾರಾವಾಹಿ. ಮಲಯಾಳಂನಲ್ಲಿ ಲಲಿತಾಂಬಿಕಾ ಅಂತರ್ಜನಂ ಬರೆದ ಕಾದಂಬರಿ, ಅದರಿಂದ ಬಂದ 1999ರ ಸಿನಿಮಾ. ಹಿಂದಿಯಲ್ಲಿ 1996ರ ಇನ್ನೊಂದು ಸಿನಿಮಾ. ಇಲ್ಲಿ ಧಾರಾವಾಹಿಗೆ ಭಾಷೆ ಸೇರಿಸುವ ಅಗತ್ಯ ಬರಲಿಲ್ಲ, ಸಿನಿಮಾಗಳಿಗೆ ಬಂತು: 'ಅಗ್ನಿಸಾಕ್ಷಿ (ಮಲಯಾಳಂ ಚಲನಚಿತ್ರ)'. ಒಬ್ಬರಿಗೆ ಭಾಷೆ ಸೇರಿಸಿದೆವು ಅಂತ ಪಕ್ಕದವರಿಗೂ ಸೇರಿಸಬೇಕಿಲ್ಲ.

ಇನ್ನು ಚಾನೆಲ್. ತುಂಬಾ ಜನ ಇಷ್ಟಪಡುವ ದಾರಿ ಇದು, ಯಾಕೆಂದರೆ ನಾವು ಮಾತಾಡುವಾಗ "ಜೀಲಿ ಬರುತ್ತಲ್ಲ ಅದು" ಅಂತಲೇ ಹೇಳುವುದು. ಆದರೆ ಪುಟದ ಹೆಸರಿಗೆ ಇದರಷ್ಟು ಅಪಾಯದ್ದು ಬೇರೆ ಇಲ್ಲ. ಚಾನೆಲ್‌ಗಳು ಹೆಸರು ಬದಲಿಸುತ್ತವೆ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಹಾಗಾಗಿ 2013ರ 'ಲಕ್ಷ್ಮೀ ಬಾರಮ್ಮ' ಶುರುವಾದದ್ದು ಒಂದು ಹೆಸರಿನ ಚಾನೆಲ್ಲಿನಲ್ಲಿ, ಮುಗಿದದ್ದು ಇನ್ನೊಂದು ಹೆಸರಿನಲ್ಲಿ. ಕಾರ್ಯಕ್ರಮಗಳೂ ಮನೆ ಬದಲಿಸುತ್ತವೆ. 'ಬಿಗ್ ಬಾಸ್ ಕನ್ನಡ' 2013ರಲ್ಲಿ ಈಟಿವಿ ಕನ್ನಡದಲ್ಲಿ ಬಂತು, 2014ರಲ್ಲಿ ಸುವರ್ಣಕ್ಕೆ ಹೋಯಿತು, 2015ರಲ್ಲಿ ಕಲರ್ಸ್ ಕನ್ನಡಕ್ಕೆ ವಾಪಸ್ ಬಂತು, ಆಮೇಲೆ ಒಂದಷ್ಟು ಕಾಲ ಕಲರ್ಸ್ ಸೂಪರ್‌ನಲ್ಲಿ ಇತ್ತು. ಚಾನೆಲ್ ಹೆಸರು ಪುಟದೊಳಗೆ ಇರಲಿ, ಪುಟದ ಹಣೆ ಮೇಲೆ ಬೇಡ.

ಅಮ್ಮನ ದಾರಿಯೂ ನಡೆಯುವುದಿಲ್ಲ. '(ಹಳೆಯದು)', '(ಹೊಸದು)' ಅಂತ ಹಾಕಿದರೆ ಇನ್ನೊಂದು ಐದು ವರ್ಷಕ್ಕೆ ಮೂರನೆಯದು ಬಂದು ಹೊಸದು ಹಳೆಯದಾಗುತ್ತದೆ. ನಾಯಕಿಯ ಹೆಸರು ಹಾಕೋಣ ಅಂದರೆ, ಧಾರಾವಾಹಿಯ ನಾಯಕಿಯರು ಅರ್ಧ ದಾರಿಯಲ್ಲೇ ಬದಲಾಗುತ್ತಾರೆ. "ಇಂದಿನಿಂದ ಈ ಪಾತ್ರದಲ್ಲಿ" ಅಂತ ಬರುವುದನ್ನು ನೋಡದವರು ಯಾರು.

ಉಳಿಯುವುದು ವರ್ಷ. ಶುರುವಾದ ವರ್ಷ ಯಾವತ್ತೂ ಬದಲಾಗುವುದಿಲ್ಲ. 'ಲಕ್ಷ್ಮೀ ಬಾರಮ್ಮ (2013ರ ಧಾರಾವಾಹಿ)' ಮತ್ತು 'ಲಕ್ಷ್ಮೀ ಬಾರಮ್ಮ (2023ರ ಧಾರಾವಾಹಿ)'. ಇಂಗ್ಲಿಷಿನ ಗುಂಗಿನಲ್ಲಿ '(2013 ಧಾರಾವಾಹಿ)' ಅಂತ ಬರೆಯುವವರಿದ್ದಾರೆ. ಕನ್ನಡದಲ್ಲಿ ನಾವು '2013ರ' ಅಂತಲೇ ಹೇಳುವುದು. ಒಂದು 'ರ' ಸೇರಿಸಲು ಜಿಪುಣತನ ಬೇಡ.

ಯಾವ ವರ್ಷ ಅನ್ನುವುದರಲ್ಲೂ ಎಡವುವ ಸಾಧ್ಯತೆ ಇದೆ. 'ಮಹಾಭಾರತ' ತೆಗೆದುಕೊಳ್ಳಿ. ಬಿ. ಆರ್. ಚೋಪ್ರಾ ಅವರದು ದೂರದರ್ಶನದಲ್ಲಿ 1988ರಲ್ಲಿ ಶುರುವಾಯಿತು. ಸ್ಟಾರ್ ಪ್ಲಸ್‌ನದು 2013ರಲ್ಲಿ. ಆದರೆ ಅದು ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ. ಬಹಳಷ್ಟು ಕನ್ನಡಿಗರ ಪಾಲಿಗೆ ಅದು 2020ರ ಮಹಾಭಾರತ. ಆದರೂ ಪುಟಕ್ಕೆ 2013 ಅಂತಲೇ ಹಾಕಿ. ಡಬ್ಬಿಂಗ್‌ನ ವರ್ಷ ಒಂದೊಂದು ಭಾಷೆಗೆ ಒಂದೊಂದು, ಮರುಪ್ರಸಾರಕ್ಕಂತೂ ಲೆಕ್ಕವೇ ಇಲ್ಲ. 1987ರ 'ರಾಮಾಯಣ'ವೂ ಅದೇ 2020ರಲ್ಲಿ ಮತ್ತೆ ಮನೆಮನೆಗೆ ಬಂದಿತ್ತಲ್ಲ.

ಸೀಸನ್: ಋತುವೂ ಅಲ್ಲ, ಸರಣಿಯೂ ಅಲ್ಲ

ಮೊದಮೊದಲು ಇಂಗ್ಲಿಷ್ ಪುಟಗಳನ್ನು ಅನುವಾದ ಮಾಡುವಾಗ ಸೀಸನ್ ಅನ್ನುವುದಕ್ಕೆ ನಾನು ನಿಷ್ಠೆಯಿಂದ 'ಋತು' ಅಂತ ಹಾಕಿದ್ದೆ. 'ಬಿಗ್ ಬಾಸ್ ಕನ್ನಡ (ಋತು 3)'. ಗೆಳೆಯ ಓದಿ, "ಇದು ಮಳೆಗಾಲದ್ದಾ ಚಳಿಗಾಲದ್ದಾ?" ಅಂದ. ಅವತ್ತೇ ಅಳಿಸಿದೆ.

'ಆವೃತ್ತಿ' ಪತ್ರಿಕೆಗಳಲ್ಲಿ ಕಾಣುತ್ತದೆ. ಕೆಟ್ಟ ಪದವೇನಲ್ಲ. ಬಿಗ್ ಬಾಸ್‌ನಂಥ ಸ್ಪರ್ಧೆಗೆ ಒಗ್ಗುತ್ತದೆ ಕೂಡ, ವರ್ಷ ವರ್ಷ ಅದೇ ಆಟ ಹೊಸ ಜನರೊಂದಿಗೆ ನಡೆಯುತ್ತದಲ್ಲ. ಆದರೆ ಕಥೆ ಮುಂದುವರಿಯುವ ಕಾರ್ಯಕ್ರಮಕ್ಕೆ ಹೊಂದುವುದಿಲ್ಲ. ಪುಸ್ತಕದ ಎರಡನೇ ಆವೃತ್ತಿ ಅಂದರೆ ಅದೇ ಪುಸ್ತಕ ಮತ್ತೆ ಅಚ್ಚಾದದ್ದು, ಕಥೆಯ ಮುಂದಿನ ಭಾಗ ಅಲ್ಲ.

'ಸರಣಿ' ಇನ್ನೂ ದೊಡ್ಡ ಗೊಂದಲ. ಇಡೀ ಕಾರ್ಯಕ್ರಮಕ್ಕೂ ಸರಣಿ ಅನ್ನುತ್ತೇವೆ, ವೆಬ್ ಸರಣಿ ಅನ್ನುತ್ತೇವೆ. ಬ್ರಿಟನ್ನಿನವರಿಗೂ ಇದೇ ತೊಂದರೆ. ಅಮೆರಿಕದವರು ಸೀಸನ್ ಅನ್ನುವುದಕ್ಕೆ ಅವರು ಸೀರೀಸ್ ಅನ್ನುತ್ತಾರೆ. ಅದರಿಂದ 'ಡಾಕ್ಟರ್ ಹೂ' ಕಾರ್ಯಕ್ರಮದಲ್ಲಿ ಆಗಿರುವ ಗೋಜಲು ನೋಡಿ. 1963ರಲ್ಲಿ ಶುರುವಾಗಿ 1989ರವರೆಗೆ ಬಂದದ್ದನ್ನು ಸೀಸನ್ 1, ಸೀಸನ್ 2 ಅಂತ ಎಣಿಸಿದರು. 2005ರಲ್ಲಿ ಮತ್ತೆ ಶುರುವಾದಾಗ ಎಣಿಕೆಯನ್ನೂ ಹೊಸದಾಗಿ ಶುರು ಮಾಡಿ ಸೀರೀಸ್ 1 ಅಂದರು. 2024ರಲ್ಲಿ ಮಾಡುವವರು ಮತ್ತೊಮ್ಮೆ ಒಂದರಿಂದ ಎಣಿಸಿ ಅದನ್ನೂ ಸೀಸನ್ 1 ಅಂದರು. ಒಂದೇ ಕಾರ್ಯಕ್ರಮಕ್ಕೆ ಮೂರು 'ಒಂದು'. ಇಂಗ್ಲಿಷ್ ವಿಕಿಪೀಡಿಯ ಕೊನೆಯದನ್ನು ಸೀರೀಸ್ 14 ಅಂತಲೇ ಕರೆದು ಪಾರಾಯಿತು. ನಾವು ಎರಡೂ ಪದಕ್ಕೆ 'ಸರಣಿ' ಅಂತ ಹಾಕಿದರೆ 1963ರದ್ದೂ 2005ರದ್ದೂ ಒಂದೇ ಹೆಸರಿಗೆ ಬಂದು ಕೂರುತ್ತವೆ. ಅಲ್ಲಿ ಸೀಸನ್ ಅನ್ನು ಸೀಸನ್ ಅಂತ, ಸೀರೀಸ್ ಅನ್ನು ಸೀರೀಸ್ ಅಂತ ಬಿಡುವುದೇ ಕ್ಷೇಮ.

'ಸೀಸನ್' ಕನ್ನಡದ ಪದವೇ ಆಗಿಹೋಗಿದೆ. ಮಾವಿನ ಸೀಸನ್, ಮದುವೆ ಸೀಸನ್ ಅನ್ನುತ್ತೇವೆ. ಚಾನೆಲ್ಲಿನವರೂ ಅದನ್ನೇ ಹೇಳುವುದು, ನೋಡುವವರೂ ಅದನ್ನೇ ಹುಡುಕುವುದು.

ಪದ ಗೊತ್ತಾಯಿತು, ಈಗ ಅದನ್ನು ಎಲ್ಲಿ ಇಡುವುದು. 'ಬಿಗ್ ಬಾಸ್ ಕನ್ನಡ (ಸೀಸನ್ 10)', 'ಬಿಗ್ ಬಾಸ್ ಕನ್ನಡದ 10ನೇ ಸೀಸನ್', 'ಬಿಗ್ ಬಾಸ್ ಕನ್ನಡ ಸೀಸನ್ 10'. ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಹಳ ಕಾಲ ಬ್ರಾಕೆಟ್ ಇತ್ತು. 2024ರಲ್ಲಿ ಅದನ್ನು ತೆಗೆದರು. 'ಗೇಮ್ ಆಫ್ ಥ್ರೋನ್ಸ್' ಹೆಸರಿನ ಪಕ್ಕದಲ್ಲೇ ಈಗ ಸೀಸನ್ 1 ಅಂತ ನೇರವಾಗಿ ಬರುತ್ತದೆ. ಬ್ರಾಕೆಟ್ ಇರುವುದು ಒಂದೇ ಹೆಸರಿನ ಬೇರೆ ಬೇರೆ ವಸ್ತುಗಳನ್ನು ಬಿಡಿಸಲು. ಮೊದಲನೇ ಸೀಸನ್ ಬೇರೆ ವಸ್ತು ಅಲ್ಲ, ಅದೇ ಕಾರ್ಯಕ್ರಮದ ಒಂದು ತುಂಡು. ನನಗೆ ಈ ತರ್ಕ ಪೂರ್ತಿ ಒಪ್ಪಿಗೆ. ಆದರೆ ಅವರಲ್ಲಿ ಇದರಿಂದ ಒಂದು ವಿಕಾರವೂ ಹುಟ್ಟಿತು. ಅಲ್ಲಿ ನಮ್ಮ ಬಿಗ್ ಬಾಸ್‌ನ ಮುಖ್ಯ ಪುಟ ಬ್ರಾಕೆಟ್ಟಿನಲ್ಲಿ ಭಾಷೆ ಹೊತ್ತಿದೆ. ಅದರ ಮುಂದೆ ಸೀಸನ್ ಬಂದಾಗ ಬ್ರಾಕೆಟ್ ಹೆಸರಿನ ನಡುವೆ ಸಿಕ್ಕಿಕೊಂಡು, ಊಟದ ನಡುವೆ ಕಲ್ಲು ಕಡಿದ ಹಾಗೆ ಆಗುತ್ತದೆ. ನಮಗೆ ಆ ಗತಿ ಇಲ್ಲ. ನಮ್ಮ ಜನ 'ಬಿಗ್ ಬಾಸ್ ಕನ್ನಡ' ಅಂತ ಭಾಷೆಯನ್ನು ಹೆಸರಿಗೇ ಸೇರಿಸಿ ಹೇಳುತ್ತಾರೆ.

'10ನೇ ಸೀಸನ್' ಒಳ್ಳೆಯ ಕನ್ನಡ, ವಾಕ್ಯದೊಳಗೆ ಅದನ್ನೇ ಬಳಸಿ. ಪುಟದ ಹೆಸರಿಗೆ 'ಸೀಸನ್ 10' ಇರಲಿ. ವಿಭಕ್ತಿ ಸೇರಿಸಲು ಅದು ಬಹಳ ಸಲೀಸು: ಸೀಸನ್ 10ರಲ್ಲಿ, ಸೀಸನ್ 10ರ.

ಬಿಗ್ ಬಾಸ್‌ನ ಎಲ್ಲವೂ ಇಷ್ಟು ನೇರ ಇಲ್ಲ. 2021ರ ಸೀಸನ್ 8 ಕೋವಿಡ್‌ನಿಂದ ಮೇ ತಿಂಗಳಲ್ಲಿ ನಿಂತುಹೋಯಿತು. ಜೂನ್‌ನಲ್ಲಿ ಅದೇ ಸ್ಪರ್ಧಿಗಳು ಮತ್ತೆ ಮನೆಯೊಳಗೆ ಹೋದರು, ಅದನ್ನು ಸೆಕೆಂಡ್ ಇನ್ನಿಂಗ್ಸ್ ಅಂದರು. ಇನ್ನಿಂಗ್ಸ್ ಎರಡಾದರೂ ಪಂದ್ಯ ಒಂದೇ. ಪುಟವೂ ಒಂದೇ ಇರಲಿ. ಅದೇ ವರ್ಷ ಧಾರಾವಾಹಿ ಕಲಾವಿದರನ್ನು ಸೇರಿಸಿ ಮಿನಿ ಸೀಸನ್ ಅಂತ ಒಂದು ಮಾಡಿದರು. ಅದಕ್ಕೆ ಅಂಕಿ ಕೊಡಬೇಡಿ, ಅವರೇ ಕೊಟ್ಟಿಲ್ಲ. 2022ರಲ್ಲಿ ಆಪ್‌ನಲ್ಲಿ ಬಂದ 'ಬಿಗ್ ಬಾಸ್ ಓಟಿಟಿ ಕನ್ನಡ'ವನ್ನೂ ಟಿವಿ ಸೀಸನ್‌ಗಳ ಎಣಿಕೆಗೆ ಸೇರಿಸಲಿಲ್ಲ. ಅದು ತನ್ನ ಹೆಸರಿನಲ್ಲೇ ನಿಲ್ಲುತ್ತದೆ.

ಇನ್ನು 'ನಾಗಿಣಿ 2', 'ಮುಕ್ತ ಮುಕ್ತ' ಥರದವು. 2016ರ 'ನಾಗಿಣಿ'ಗೂ 2020ರ 'ನಾಗಿಣಿ 2'ಕ್ಕೂ ಕಲಾವಿದರು ಬೇರೆ. ಅದನ್ನು 'ನಾಗಿಣಿ ಸೀಸನ್ 2' ಅಂತ ನಾವು ತಿದ್ದಬಾರದು. ಪರದೆ ಮೇಲೆ ಹೇಗೆ ಬಂತೋ ಹಾಗೆ. 'ಮುಕ್ತ ಮುಕ್ತ'ವಂತೂ ಹೆಸರಿನಲ್ಲೇ 'ಮುಕ್ತ'ದಿಂದ ಬೇರೆ ಆಗಿದೆ. ಇಬ್ಬರೂ ಒಂದೇ ಮನೆಯವರು ಅನ್ನುವುದನ್ನು ಪುಟದ ಮೊದಲ ಸಾಲಿನಲ್ಲಿ ಹೇಳಿದರಾಯಿತು.

ಕಂತೋ, ಸಂಚಿಕೆಯೋ

ಟಿವಿಯವರು 'ಇಂದಿನ ಸಂಚಿಕೆಯಲ್ಲಿ' ಅನ್ನುತ್ತಾರೆ, 'ಮಹಾಸಂಚಿಕೆ' ಅನ್ನುತ್ತಾರೆ. ಮನೆಯಲ್ಲಿ ಎಪಿಸೋಡ್ ಅನ್ನುತ್ತೇವೆ. ಬರೆಯುವವರು ಕಂತು ಅನ್ನುತ್ತಾರೆ. ಸಂಚಿಕೆ ಅಂದರೆ ವಾರಪತ್ರಿಕೆಯ ಸಂಚಿಕೆಯೂ ಹೌದು, ಕಂತು ಅಂದರೆ ಸಾಲದ ಕಂತೂ ಹೌದು. ಹಾಗಾಗಿ ಗೊಂದಲದ ವಿಷಯದಲ್ಲಿ ಎರಡೂ ಸಮ. ನಾನು ಕಂತು ಬಳಸುತ್ತೇನೆ. ಚಿಕ್ಕದು, ಅಷ್ಟೇ ಕಾರಣ. ನೀವು ಸಂಚಿಕೆ ಬಳಸಿದರೆ ಜಗಳ ಇಲ್ಲ, ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬೇಡಿ.

ಒಂದೊಂದು ಕಂತಿಗೂ ಪುಟವೇ?

ಇಲ್ಲಿಯೇ ಇಂಗ್ಲಿಷಿನ ನಿಯಮ ನಮ್ಮ ಕೈ ಬಿಡುವುದು. ವಾರಕ್ಕೆ 5 ದಿನದಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 260 ಕಂತು. ಆರು ವರ್ಷ ಓಡಿದ ಧಾರಾವಾಹಿಗೆ ಸಾವಿರದ ಐನೂರು ದಾಟುತ್ತದೆ. ಯಾವುದಕ್ಕೂ ಹೆಸರಿಲ್ಲ. 'ಅಗ್ನಿಸಾಕ್ಷಿ ಕಂತು 847' ಅಂತ ಒಂದು ಪುಟ ಮಾಡಿ ಅದರಲ್ಲಿ ಏನು ಬರೆಯುತ್ತೀರಿ? ನಾಯಕಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು ಅಂತಲಾ? ಪಟ್ಟಿಯೂ ಬೇಡ. ಕಥೆಯ ತಿರುವುಗಳನ್ನು ಮುಖ್ಯ ಪುಟದಲ್ಲೇ ನಾಲ್ಕು ಪ್ಯಾರಾ ಬರೆದರೆ ಸಾಕು. ಎರಡು ಧಾರಾವಾಹಿಗಳ ಪಾತ್ರಗಳು ಒಂದೇ ಕಡೆ ಸೇರುವ 'ಮಹಾಸಂಗಮ' ಬಂದರೆ ಎರಡೂ ಪುಟದಲ್ಲಿ ಒಂದೊಂದು ಸಾಲು.

ಹೆಸರಿರುವ ಕಂತುಗಳ ಮಾತು ಬೇರೆ. 'ಬ್ರೇಕಿಂಗ್ ಬ್ಯಾಡ್' ಕಾರ್ಯಕ್ರಮದ 2013ರ ಒಂದು ಕಂತಿನ ಹೆಸರು 'ಓಜಿಮಾಂಡಿಯಾಸ್'. ಅದು ಶೆಲ್ಲಿಯ ಪ್ರಸಿದ್ಧ ಕವಿತೆಯ ಹೆಸರು. ಬರೀ ಹೆಸರು ಕವಿತೆಗೆ, ಕಂತಿಗೆ 'ಓಜಿಮಾಂಡಿಯಾಸ್ (ಬ್ರೇಕಿಂಗ್ ಬ್ಯಾಡ್)'. ಬ್ರಾಕೆಟ್ಟಿನಲ್ಲಿ '(ಕಂತು)' ಅಂತ ಹಾಕದೆ ಕಾರ್ಯಕ್ರಮದ ಹೆಸರನ್ನೇ ಹಾಕುವುದು ಇಂಗ್ಲಿಷಿನವರ ಪದ್ಧತಿ. ಕಾರಣ ಸುಲಭ. 'ಪೈಲಟ್' ಎಂಬ ಹೆಸರಿನ ಮೊದಲ ಕಂತು ಎಷ್ಟೋ ಕಾರ್ಯಕ್ರಮಗಳಿಗೆ ಇದೆ. 'ಪೈಲಟ್ (ಕಂತು)' ಅಂದರೆ ಯಾರ ಪೈಲಟ್? 'ಪೈಲಟ್ (ಲಾಸ್ಟ್)' ಅಂದರೆ ಗೊತ್ತಾಗುತ್ತದೆ.

ಈ ಪದ್ಧತಿ ಚೆನ್ನಾಗಿದೆ. ನಮ್ಮ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಹತ್ತಿರ ಬಂದರೆ ಮಾತ್ರ ಮುಗ್ಗರಿಸುತ್ತದೆ. ಆಗುಂಬೆಯಲ್ಲಿ ಚಿತ್ರಿಸಿ, 1986ರಿಂದ ದೂರದರ್ಶನದಲ್ಲಿ ಬಂದ ಧಾರಾವಾಹಿ. ಮೊದಲ ತೊಡಕು ಅದರ ಹೆಸರೇ. ಆರ್. ಕೆ. ನಾರಾಯಣ್ ಅವರ ಕಥಾಸಂಕಲನ 1943ರದ್ದು, ಅದೂ 'ಮಾಲ್ಗುಡಿ ಡೇಸ್'. 2020ರಲ್ಲಿ ವಿಜಯ್ ರಾಘವೇಂದ್ರ ಇರುವ ಕನ್ನಡ ಸಿನಿಮಾ ಬಂತು, ಅದೂ 'ಮಾಲ್ಗುಡಿ ಡೇಸ್'. ಇಷ್ಟಕ್ಕೆ '(ಕಥಾಸಂಕಲನ)', '(ಧಾರಾವಾಹಿ)', '(ಚಲನಚಿತ್ರ)' ಸಾಕು.

ಎರಡನೇ ತೊಡಕು ಕಂತಿನದು. ಪೋಸ್ಟ್‌ಮ್ಯಾನ್ ತಾನಪ್ಪ ಒಂದು ಕಾಗದವನ್ನು ಮದುವೆ ಮುಗಿಯುವವರೆಗೆ ಕೊಡದೆ ಇಟ್ಟುಕೊಳ್ಳುವ ಕಥೆ ನೆನಪಿದೆಯಲ್ಲ. 'ದಿ ಮಿಸ್ಸಿಂಗ್ ಮೇಲ್'. ಅದು ಧಾರಾವಾಹಿಯ ಕಂತು. ಪುಸ್ತಕದಲ್ಲೂ ಅದೇ ಹೆಸರಿನ ಕಥೆ. ಪದ್ಧತಿಯ ಪ್ರಕಾರ 'ದಿ ಮಿಸ್ಸಿಂಗ್ ಮೇಲ್ (ಮಾಲ್ಗುಡಿ ಡೇಸ್)' ಅಂತ ಹೆಸರಿಟ್ಟರೆ, ಅದು ಮಾಲ್ಗುಡಿ ಡೇಸ್ ಪುಸ್ತಕದ ಕಥೆಯಾ, ಮಾಲ್ಗುಡಿ ಡೇಸ್ ಧಾರಾವಾಹಿಯ ಕಂತಾ? ಬ್ರಾಕೆಟ್ಟಿಗೇ ಬ್ರಾಕೆಟ್ ಬೇಕಾಯಿತು! ಇಲ್ಲಿ ಪದ್ಧತಿ ಮುರಿಯಬೇಕು: 'ದಿ ಮಿಸ್ಸಿಂಗ್ ಮೇಲ್ (ಮಾಲ್ಗುಡಿ ಡೇಸ್ ಕಂತು)'. ಬರೀ ಹೆಸರು ಕಥೆಗೆ.

ಮೂರನೆಯದು ಭಾಷೆಯ ತೊಡಕು. ಧಾರಾವಾಹಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತಯಾರಾಯಿತು. ಅನಂತ್ ನಾಗ್ ಜಗನ್ ಆಗಿ ಬರುವ ಭಾಗ ಹಿಂದಿಯಲ್ಲಿ 'ಮಿಠಾಯಿವಾಲಾ', ಕಾದಂಬರಿ 'ದಿ ವೆಂಡರ್ ಆಫ್ ಸ್ವೀಟ್ಸ್'. ಕನ್ನಡದ ಪುಟದಲ್ಲಿ ನಾವೇ 'ಮಿಠಾಯಿ ಮಾರುವವನು' ಅಂತ ಮೂರನೇ ಹೆಸರು ಹುಟ್ಟಿಸಬೇಕಾ? ಬೇಡ. ಯಾರೂ ಆ ಹೆಸರಿನಲ್ಲಿ ಹುಡುಕುವುದಿಲ್ಲ. ಪ್ರಸಾರವಾದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಪುಟದೊಳಗೆ ಹೇಳಿ. ಇಂಗ್ಲಿಷ್ ಕಾರ್ಯಕ್ರಮಗಳಿಗೂ ಅಷ್ಟೇ.

ಇನ್ನೊಂದು ಮಾತು. ಹೆಸರಿಡಲು ಬರುತ್ತದೆ ಅಂದ ಮಾತ್ರಕ್ಕೆ ಪುಟ ಮಾಡಬೇಕು ಅಂತಿಲ್ಲ. ಮಾಲ್ಗುಡಿ ಡೇಸ್‌ನ ಕಂತುಗಳಿಗೆ ಒಂದೇ ಪಟ್ಟಿ ಪುಟ ಮಾಡಿ, ಒಂದೊಂದು ಹೆಸರಿನಿಂದಲೂ ಅಲ್ಲಿಗೆ ಪುನರ್ನಿರ್ದೇಶನ (ಒಂದು ಹೆಸರು ಒತ್ತಿದರೆ ತಾನಾಗಿ ಇನ್ನೊಂದು ಪುಟಕ್ಕೆ ಕರೆದೊಯ್ಯುವ ವ್ಯವಸ್ಥೆ) ಕೊಟ್ಟರೆ ಓದುಗನಿಗೆ ಅಷ್ಟೇ ಅನುಕೂಲ. ಮುಂದೆ ಯಾರಾದರೂ ಒಂದು ಕಂತಿನ ಬಗ್ಗೆ ಗಟ್ಟಿಯಾಗಿ ಬರೆದರೆ ಅದೇ ಹೆಸರಿನಲ್ಲಿ ಪುಟ ಏಳುತ್ತದೆ.

ಕಣ್ಣಿಗೆ ಕಾಣದ ತೊಡಕುಗಳು

ಒಮ್ಮೆ ಸಂಜೆಯೆಲ್ಲ ಹಾಳಾಯಿತು. ಪುಟ ಇದೆ, ಹೆಸರು ಅಕ್ಷರ ಅಕ್ಷರ ಹೊಂದುತ್ತದೆ, ಲಿಂಕ್ ಮಾತ್ರ ಕೆಂಪು. ಕೊನೆಗೆ ಗೊತ್ತಾಯಿತು, ಪುಟ ಮಾಡುವಾಗ ಬಳಸಿದ ಕೀಲಿಮಣೆ 'ಸೀಸನ್' ಪದದ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಒಂದು ಕಾಣದ ಚಿಹ್ನೆ ಸೇರಿಸಿತ್ತು. ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ ಅದು. 'ಬ್ಯಾಟಲ್‌ಸ್ಟಾರ್' ಅಂತ ಬರೆಯುವಾಗ ಅದು ಬೇಕು, ಇಲ್ಲದಿದ್ದರೆ ಲ್ ಮತ್ತು ಸ್ ಅಂಟಿಕೊಳ್ಳುತ್ತವೆ. ಆದರೆ ಪದದ ಕೊನೆಯಲ್ಲಿ, ಖಾಲಿ ಜಾಗದ ಮುಂಚೆ, ಅದಕ್ಕೆ ಕೆಲಸವೇ ಇಲ್ಲ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಹೆಸರು ಹಾಕಿದ ಮೇಲೆ ಕೊನೆಯಿಂದ ಒಂದೊಂದೇ ಅಕ್ಷರ ಅಳಿಸಿ ನೋಡಿ. ಏನೂ ಅಳಿಯದೆ ಒಂದು ಒತ್ತು ವ್ಯರ್ಥವಾದರೆ ಕಳ್ಳ ಅಲ್ಲೇ ಇದ್ದಾನೆ.

ಉದ್ದದ ಮಿತಿಯೂ ಇದೆ. ಪುಟದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನವರಿಗೆ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. 'ಲಕ್ಷ್ಮೀ ಬಾರಮ್ಮ (2023ರ ಧಾರಾವಾಹಿ)' 75 ಬೈಟ್ ತಿನ್ನುತ್ತದೆ. ಇನ್ನೂ ಜಾಗ ಬೇಕಾದಷ್ಟಿದೆ, ಆದರೆ ಭಾಷೆ, ಚಾನೆಲ್, ವರ್ಷ ಎಲ್ಲ ಒಟ್ಟಿಗೆ ತುರುಕುವವರು ಈ ಲೆಕ್ಕ ನೆನಪಿಡಲಿ.

ಅಂಕಿಯ ಬಗ್ಗೆ ಭಾವುಕರಾಗಬೇಡಿ. 'ಸೀಸನ್ ೧೦' ನೋಡಲು ಚೆಂದ. ಹುಡುಕುವವರು '10' ಅಂತಲೇ ಒತ್ತುತ್ತಾರೆ. ಕನ್ನಡ ಅಂಕಿಯ ಹೆಸರಿನಿಂದ, 'ಬಿಗ್‌ಬಾಸ್' ಅಂತ ಕೂಡಿಸಿ ಬರೆದ ಹೆಸರಿನಿಂದ, 'ಲಕ್ಷ್ಮಿ ಬಾರಮ್ಮ' ಎಂಬ ಹ್ರಸ್ವದಿಂದ, ಎಲ್ಲದರಿಂದಲೂ ಪುನರ್ನಿರ್ದೇಶನ ಮಾಡಿಬಿಡಿ. ಅದಕ್ಕೆ ಖರ್ಚಿಲ್ಲ. ವರ್ಗದ ಪಟ್ಟಿಯಲ್ಲಿ ಸೀಸನ್ 10 ಬಂದು ಸೀಸನ್ 1ರ ಪಕ್ಕ ಕೂತು 2ನ್ನು ಹಿಂದಕ್ಕೆ ತಳ್ಳಿದರೆ, ವಿಂಗಡಣೆಯ ಕೀಲಿಯಲ್ಲಿ (ಪಟ್ಟಿಯ ಕ್ರಮಕ್ಕೆ ಮಾತ್ರ ಬಳಕೆಯಾಗುವ, ಓದುಗರಿಗೆ ಕಾಣದ ಹೆಸರು) 01, 02 ಅಂತ ಕೊಡಿ. ಪುಟದ ಹೆಸರಿನಲ್ಲಿ ಸೊನ್ನೆ ಬೇಡ.

ಈಗಾಗಲೇ ಇರುವ ಪುಟದ ಹೆಸರು ಬದಲಿಸುವುದಾದರೆ ವಿಕಿಯಲ್ಲೇ ಇರುವ ಸ್ಥಳಾಂತರದ ಸೌಲಭ್ಯ ಬಳಸಿ. ನಕಲು ಮಾಡಿ ಹೊಸ ಪುಟದಲ್ಲಿ ಅಂಟಿಸಬೇಡಿ. ಅಂಟಿಸಿದರೆ ಯಾರು ಏನು ಬರೆದರು ಅನ್ನುವ ಇತಿಹಾಸ ಹಳೆಯ ಪುಟದಲ್ಲೇ ಉಳಿದುಬಿಡುತ್ತದೆ. ಸ್ಥಳಾಂತರಿಸಿದಾಗ ಹಳೆಯ ಹೆಸರು ತಾನಾಗಿ ಹೊಸದಕ್ಕೆ ದಾರಿ ತೋರಿಸುತ್ತದೆ. ಆದರೆ ಬರೀ 'ಲಕ್ಷ್ಮೀ ಬಾರಮ್ಮ' ಎಂಬ ಹೆಸರನ್ನು ದ್ವಂದ್ವ ನಿವಾರಣೆ ಪುಟ ಮಾಡುವುದಾದರೆ ಆ ದಾರಿಯೂ ಹೋಗುತ್ತದೆ. ಆಗ ಪಕ್ಕದ ಪಟ್ಟಿಯಲ್ಲಿ 'ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ' ಅಂತ ಇರುವುದನ್ನು ಒತ್ತಿ. ಎಲ್ಲೆಲ್ಲಿಂದ ಲಿಂಕ್ ಬಂದಿದೆ ಅಂತ ಕಾಣುತ್ತದೆ. ನಟಿಯರ ಪುಟ, ಚಾನೆಲ್ ಪುಟ, ಪ್ರಶಸ್ತಿಗಳ ಪುಟ. ಒಂದೊಂದನ್ನೂ ತೆರೆದು, ಇದು ಗೊಂಬೆಯ ಲಕ್ಷ್ಮೀ ಬಾರಮ್ಮವಾ, ಭಾಗ್ಯಳ ತಂಗಿಯದಾ ಅಂತ ನೋಡಿ ತಿದ್ದಬೇಕು. ನಿಮಗೆ ಗೊತ್ತಾಗದಿದ್ದರೆ ಮನೆಯಲ್ಲಿ ಅಮ್ಮನನ್ನು ಕೇಳಿ.